ಹತ್ತಡಿ ಉದ್ದದ ವಿಮಾನ ಟಿಕೆಟ್

ಕಳೆದ ತಿಂಗಳು ದುಬೈಯ ಅಲ್ ಕೂಜ್‌ನ ಒಂದು ಗೋದಾಮಿಗೆ ಹಳೆಯ ಪ್ರಿಂಟಿಂಗ್ ಮೆಷಿನ್ ನೋಡಲು ಹೋಗಿದ್ದೆ. ಮಾರುವವನು ಸಿರಿಯಾದವನು, ಹಠಮಾರಿ. ಅರ್ಧ ಗಂಟೆ ಎಳೆದಾಡಿ ಅವನನ್ನು ನನಗೆ ಬೇಕಾದ ರೇಟಿನ ಹತ್ತಿರ ತಂದು ನಿಲ್ಲಿಸಿದ್ದೆ. ಅಷ್ಟರಲ್ಲಿ ಮೆಷಿನ್ ಓಡಿಸಿ ತೋರಿಸುತ್ತೇನೆಂದು ಅವನು ಹೊಸ ಫ್ಲೆಕ್ಸ್ ರೋಲ್ ಒಂದನ್ನು ಬಿಚ್ಚಿದ. ಬಿಸಿಲಿಗೆ ಕಾದ ಪ್ಲಾಸ್ಟಿಕ್, ಅದರ ಮೇಲೆ ಹಸಿ ಇಂಕು; ಆ ವಾಸನೆ ಮೂಗಿಗೆ ಬಡಿಯಿತು. ಗೋದಾಮಿನ ಹಿಂದಿನ ಬಾಗಿಲು ತೆರೆದಿತ್ತು. ಆಚೆ ಕಾಣುತ್ತಿದ್ದದ್ದು ಟೈಲ್ಸ್ ಮಾರುವವರ ದೊಡ್ಡ ಶೆಡ್. ಅದೇ ಜಾಗದಲ್ಲಿ ಮೊದಲು ಒಂದು ಫುಟ್‌ಬಾಲ್ ಮೈದಾನವಿತ್ತು. ಚೌಕಾಸಿಯಲ್ಲಿ ಸುಮ್ಮನಿರುವುದೂ ಒಂದು ವಿದ್ಯೆಯೇ, ಆದರೆ ಕಣ್ಣು ಎದುರಿನವನ ಮುಖದ ಮೇಲಿರಬೇಕು. ನನ್ನ ಕಣ್ಣು ಬಾಗಿಲಾಚೆ ಹೋಗಿತ್ತು. ಅವನು ತನ್ನ ರೇಟ್ ಹೇಳಿ ಕೈ ಚಾಚಿದ, ನಾನು ಹಿಡಿದುಬಿಟ್ಟೆ. ಹೋದ ದುಡ್ಡು ಹೋಯಿತು. ಅದಕ್ಕೆ ಕಾರಣವಾದ ನೆನಪನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ.

ಅದು 2014ರ ಚಳಿಗಾಲ. ಚಳಿಗಾಲವೆಂದರೆ ಇಲ್ಲಿ ಮನುಷ್ಯರು ಹೊರಗೆ ನಿಂತು ಮಾತಾಡಬಹುದಾದ ನಾಲ್ಕೈದು ತಿಂಗಳು, ಅಷ್ಟೇ. ಆಗ ನನ್ನ ಅಂಗಡಿ ದುಬೈಯ ಸತ್ವಾದಲ್ಲಿತ್ತು. ಕಾಪುವಿನಿಂದ ಬಂದು ಒಂಬತ್ತು ವರ್ಷ ಬೇರೆಯವರ ಟೈಲರ್ ಅಂಗಡಿಯಲ್ಲಿ ಕತ್ತರಿ ಹಿಡಿದು, ಆಮೇಲೆ ಸ್ವಂತದ್ದು ಮಾಡಿಕೊಂಡಿದ್ದೆ. ಮೊದಲು ಯೂನಿಫಾರ್ಮ್, ನಂತರ ಜೆರ್ಸಿ, ಕೊನೆಗೆ ಬ್ಯಾನರ್. ನನ್ನ ಅಂಗಡಿಯಿಂದ ಹೊರಗೆ ಹೋಗುವ ಪ್ರತಿ ಬ್ಯಾನರಿನ ಬಲ ಕೆಳಮೂಲೆಯಲ್ಲಿ ಅಂಗಡಿಯ ಹೆಸರು, ಫೋನ್ ನಂಬರ್, ಬೆರಳುದ್ದ ಅಕ್ಷರದಲ್ಲಿ ಇರುತ್ತಿತ್ತು. ಗಿರಾಕಿ ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಖರ್ಚಿಲ್ಲದ ಜಾಹೀರಾತು. ಹೊಸದಾಗಿ ಅಂಗಡಿ ಹಾಕುವವರಿಗೆ ನಾನು ಈಗಲೂ ಈ ಬುದ್ಧಿ ಹೇಳುತ್ತೇನೆ. ಜೊತೆಗೆ ಇನ್ನೊಂದು ಮಾತೂ ಸೇರಿಸುತ್ತೇನೆ, ಅದನ್ನು ಕಲಿತದ್ದು ಆ ವರ್ಷ.

ಅಕ್ಟೋಬರಿನಲ್ಲಿ ಒಬ್ಬರು ಅಂಗಡಿಗೆ ಬಂದರು. ಐವತ್ತರ ಹತ್ತಿರದ ವಯಸ್ಸು, ಸಪೂರ ಆಳು, ಕೊರಳಲ್ಲಿ ಸೀಟಿ, ಕೈಯಲ್ಲಿ ಉದ್ದ ಕೋಲಿನ ಕಪ್ಪು ಕೊಡೆ. ಮಂಗಳೂರಿನ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷ ಆಟದ ಮೇಷ್ಟ್ರಾಗಿದ್ದವರು. ಎರಡು ವರ್ಷದಿಂದ ದುಬೈಯ ಒಂದು ಖಾಸಗಿ ಕಾಲೇಜಿನಲ್ಲಿ ಫುಟ್‌ಬಾಲ್ ಕೋಚ್. ಹೆಸರು ಲ್ಯಾನ್ಸಿ. ನಮಗೆಲ್ಲ ಲ್ಯಾನ್ಸಿ ಸರ್.

"ಬಾಬಣ್ಣ ಅಂದ್ರೆ ನೀವಾ? ಇಪ್ಪತ್ತೆರಡು ಜೆರ್ಸಿ ಬೇಕಿತ್ತು. ಮೆರೂನ್ ಬಣ್ಣದ್ದು."

ನಾನು ರೇಟ್ ಹೇಳಿದೆ. ಕೇಳುವವರು ಇಳಿಸಲೆಂದೇ ಸ್ವಲ್ಪ ಏರಿಸಿ ಹೇಳುವುದು ಕ್ರಮ.

"ಆಯ್ತು," ಅಂದರು.

"ಎಂತ ಸರ್, ಆಯ್ತು ಅಂದ್ರೆ?"

"ಆಯ್ತು ಅಂದ್ರೆ ಆಯ್ತು. ನೀವು ಹೇಳಿದ ಮೇಲೆ ಅಷ್ಟೇ ಇರ್ಬೇಕಲ್ವಾ?"

"ಹೀಗೆ ಮಾಡಿದ್ರೆ ಈ ಊರಲ್ಲಿ ನಿಮ್ಮನ್ನು ಮಾರಿ ತಿಂತಾರೆ ಮಾರಾಯ್ರೇ! ಕಮ್ಮಿ ಮಾಡಿ ಅಂತ ಒಂದು ಮಾತು ಕೇಳಿ."

"ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಬಾಬಣ್ಣ."

ಕೊನೆಗೆ ನನ್ನೊಡನೆ ನಾನೇ ಚೌಕಾಸಿ ಮಾಡಿಕೊಂಡು ರೇಟ್ ಇಳಿಸಬೇಕಾಯಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ಅದೊಂದೇ ಸಲ.

ಆರು ಕಾಲೇಜುಗಳ ನಡುವಿನ ಪಂದ್ಯಾಟ. ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ಆಟ. ಲ್ಯಾನ್ಸಿ ಸರ್ ಹುಡುಗರು ಆಡುತ್ತಿದ್ದದ್ದು ಅಲ್ ಕೂಜ್‌ನ ಬಾಡಿಗೆ ಮೈದಾನದಲ್ಲಿ, ಸುತ್ತ ಗೋದಾಮು, ಲಾರಿ, ಧೂಳು. ನಾನು ನೋಡಲು ಹೋಗುತ್ತಿದ್ದೆ, ನಮ್ಮ ಜೆರ್ಸಿ ಓಡುವಾಗ ಹೇಗೆ ಕಾಣುತ್ತದೆ ಎಂದು. ಜೆರ್ಸಿ ಚೆನ್ನಾಗಿಯೇ ಕಂಡಿತು. ತಂಡ ಮೊದಲ ಪಂದ್ಯ ಸೋತಿತು, ಎರಡನೆಯದು ಸೋತಿತು, ಮೂರನೆಯದರಲ್ಲಿ ನಮ್ಮವನೇ ನಮ್ಮ ಗೋಲಿಗೆ ಹೊಡೆದ. ಹಿಂದಿನ ವರ್ಷದ ಒಳ್ಳೆಯ ಆಟಗಾರರೆಲ್ಲ ಓದು ಮುಗಿಸಿ ಹೋಗಿದ್ದರು. ಉಳಿದವರು ಎ.ಸಿ. ಕೋಣೆಯಲ್ಲಿ ಬೆಳೆದ ಮಕ್ಕಳು. ಅರ್ಧ ಗಂಟೆ ಓಡಿದರೆ ಸೊಂಟದ ಮೇಲೆ ಕೈ. ಲ್ಯಾನ್ಸಿ ಸರ್ ಗೆರೆಯ ಪಕ್ಕ ಬಿಸಿಲಿಗೆ ಕೊಡೆ ಬಿಡಿಸಿ ನಿಂತು, "ಪಾಸ್ ಮಗಾ, ಪಾಸ್," ಎಂದು ಮೆಲ್ಲಗೆ ಹೇಳುತ್ತಿದ್ದರು. ಬೈಯುತ್ತಿರಲಿಲ್ಲ. ನನಗೆ ಅದು ಸರಿಕಾಣುತ್ತಿರಲಿಲ್ಲ. ನನ್ನ ಸಲಹೆ ಯಾರೂ ಕೇಳಿರಲಿಲ್ಲ, ಆದರೂ ಮೂರು ಸಲ ಹೇಳಿದ್ದೆ.

ಡಿಸೆಂಬರಿನಲ್ಲಿ ಅಬುಧಾಬಿಯ ಕಾಲೇಜಿನೊಂದಿಗೆ ಆಟ ಬಂತು. ಅವರು ಆ ವರ್ಷ ಎಲ್ಲರನ್ನೂ ಸೋಲಿಸುತ್ತಿದ್ದರು. ಅವರ ಗೋಲ್‌ಕೀಪರ್ ಭಟ್ಕಳದ ಶಬ್ಬೀರ್ ಭಾಯ್ ಅವರ ಮಗ. ಶಬ್ಬೀರ್ ಭಾಯ್ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಎರಡು ಅಂಗಡಿ ಇಟ್ಟವರು, ನನ್ನ ದೊಡ್ಡ ಗಿರಾಕಿ, ಮಗನ ತಂಡದ ಗಲಾಟೆಗೆಲ್ಲ ಮುಂದಾಳು. ಆಟಕ್ಕೆ ನಾಲ್ಕು ದಿನ ಮೊದಲು ಫೋನ್ ಮಾಡಿದರು.

"ಬಾಬಣ್ಣ, ಒಂದು ಬ್ಯಾನರ್ ಬೇಕು. ಡಿಸೈನ್ ನಮ್ಮ ಹುಡುಗರು ಕಳಿಸಿದ್ದಾರೆ, ನೋಡಿ. ನಕ್ಕು ನಕ್ಕು ಸಾಯ್ತೀರಿ!"

ನೋಡಿದೆ. ನಕ್ಕೆ, ಸುಳ್ಳು ಹೇಳುವುದಿಲ್ಲ. ಹತ್ತಡಿ ಉದ್ದದ ವಿಮಾನ ಟಿಕೆಟ್. ಪ್ರಯಾಣಿಕರ ಹೆಸರು: ಕೋಚ್ ಲ್ಯಾನ್ಸಿ. ದುಬೈಯಿಂದ ಮಂಗಳೂರಿಗೆ. ಒನ್ ವೇ. ಲಗೇಜ್ ಇರುವ ಕಡೆ: ಒಂದು ಕೊಡೆ, ಸೊನ್ನೆ ಗೋಲು. ರೇಟಿನ ಬಗ್ಗೆ ಹತ್ತು ನಿಮಿಷ ಜಗಳವಾಡಿ, ಒಪ್ಪಿ, ಪ್ರಿಂಟ್ ಮಾಡಿ, ನಾಲ್ಕು ಮೂಲೆಗೆ ಹಿತ್ತಾಳೆ ರಿಂಗ್ ಹೊಡೆದು ಕಳಿಸಿದೆ. ಒಂದು ಕಡೆ ಜೆರ್ಸಿ, ಇನ್ನೊಂದು ಕಡೆ ಬ್ಯಾನರ್. ಒಂದೇ ಪಂದ್ಯದಲ್ಲಿ ಎರಡೂ ಕಡೆಯ ಕೆಲಸ ಸಿಕ್ಕಿತಲ್ಲ ಎಂದು ಮನೆಯಲ್ಲಿ ಹೇಳಿಕೊಂಡಿದ್ದೆ.

ಶುಕ್ರವಾರ ಎರಡು ಬಸ್ಸು ತುಂಬ ಅಬುಧಾಬಿಯವರು ಬಂದರು. ಮೊದಲ ಗೋಲು ಬಿದ್ದಾಗ ಬ್ಯಾನರ್ ಸುರುಳಿಯಲ್ಲೇ ಇತ್ತು. ಎರಡನೆಯದಕ್ಕೆ ಬಿಚ್ಚಿದರು.

"ಲ್ಯಾನ್ಸಿ ಸರ್, ಚೆಕ್ ಇನ್ ಓಪನ್ ಆಯ್ತು!"

"ಕಿಟಕಿ ಸೀಟ್ ಬೇಕಾ ಸರ್?"

"ಕೊಡೆ ಹ್ಯಾಂಡ್ ಬ್ಯಾಗೇಜಾ, ಲಗೇಜಾ?"

"ಯಲ್ಲಾ ಸರ್, ಬೇಗ ಬೇಗ, ಫ್ಲೈಟ್ ಮಿಸ್ ಆಗ್ತದೆ!"

ಐದು ಗೋಲು ಬಿತ್ತು. ಒಂದೊಂದಕ್ಕೂ ಮೂವತ್ತು ನಲವತ್ತು ಜನ ಕೈ ಬೀಸಿ ಟಾಟಾ ಮಾಡಿದರು. ಬೇರೆ ಊರಿನಲ್ಲಾದರೆ ಇದು ಬರಿ ತಮಾಷೆ. ಗಲ್ಫ್‌ನಲ್ಲಿ ಒನ್ ವೇ ಟಿಕೆಟ್ ಎಂದರೆ ಎಲ್ಲರಿಗೂ ಗೊತ್ತು: ಕೆಲಸ ಹೋಯಿತು, ವೀಸಾ ಕ್ಯಾನ್ಸಲ್, ಮೂವತ್ತು ದಿನದಲ್ಲಿ ಮನೆ ಖಾಲಿ. ನಾವೆಲ್ಲ ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡೇ ಬೆಳಗ್ಗೆ ಏಳುವವರು. ಲ್ಯಾನ್ಸಿ ಸರ್ ತಿರುಗಿ ಬ್ಯಾನರನ್ನು ಪೂರ್ತಿ ಓದಿದರು, ಮೇಲಿನಿಂದ ಕೆಳಗಿನವರೆಗೆ, ಪರೀಕ್ಷೆಯ ಪೇಪರ್ ಓದಿದ ಹಾಗೆ. ನಂತರ ಮೈದಾನದ ಕಡೆ ತಿರುಗಿದರು. ಈಚೆ ಬೆಂಚಿನಲ್ಲಿ ಅವರ ಹೆಂಡತಿ ಐರಿನ್ ಬಾಯಿ, ಮಗಳು ರೀಮಾ ಕೂತಿದ್ದರು. ಹುಡುಗಿ ಫೋನ್ ಹಿಡಿದು ಬ್ಯಾನರಿನ ಫೋಟೋ ತೆಗೆಯುತ್ತಿದ್ದಳು. ಯಾಕೆಂದು ನನಗೆ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಲ್ಯಾನ್ಸಿ ಸರ್ ಅಂಗಡಿಗೆ ಬಂದರು. ಕಂಕುಳಲ್ಲಿ ಸುರುಳಿ. ಆಟ ಮುಗಿದ ಮೇಲೆ ಅಬುಧಾಬಿಯವರು ಬೇಲಿಯಲ್ಲೇ ಬಿಟ್ಟು ಹೋಗಿದ್ದರಂತೆ. ಮೇಜಿನ ಮೇಲೆ ಬಿಚ್ಚಿದರು. ಬಲ ಕೆಳಮೂಲೆ ನನ್ನ ಕಡೆಗೇ ಬಂತು. ಅಂಗಡಿಯ ಹೆಸರು, ನಂಬರ್, ಬೆರಳುದ್ದ.

ನಾನು ಪಕ್ಕದಲ್ಲಿದ್ದ ಬಟ್ಟೆ ತುಂಡನ್ನು ಆ ಮೂಲೆಯ ಮೇಲೆ ಎಳೆದೆ.

"ರೀಮಾ ನೋಡಿದ್ದು," ಅಂದರು. "ಫೋಟೋ ದೊಡ್ಡದು ಮಾಡಿ ತೋರಿಸಿದಳು. ಪಪ್ಪ, ನಿನ್ನ ಜೆರ್ಸಿ ಅಂಕಲ್ಲೇ ಇದು ಕೂಡ ಮಾಡಿದ್ದು, ಅಂತ."

"ಸರ್, ಅದು... ವ್ಯಾಪಾರ."

"ಗೊತ್ತುಂಟು. ನಾನು ಜಗಳಕ್ಕೆ ಬಂದದ್ದಲ್ಲ. ಇದರ ಹಿಂದೆ ಬಿಳಿ ಉಂಟಲ್ಲ, ಅಲ್ಲಿ ಮೈದಾನದ ಗೆರೆ ಹಾಕಿಕೊಡಿ. ಹುಡುಗರಿಗೆ ಎಲ್ಲಿ ನಿಲ್ಬೇಕು ಅಂತ ತೋರಿಸ್ಲಿಕ್ಕೆ ಬೋರ್ಡ್ ಕೇಳಿದ್ದೆ, ಕಾಲೇಜಿನವರು ಕೊಡ್ಲಿಲ್ಲ. ಎಷ್ಟಾಗ್ತದೆ?"

ದುಡ್ಡು ಬೇಡವೆಂದು ಚಹಾ ತರಿಸಿದೆ. ಚಹಾ ಕುಡಿಯುತ್ತ ಉಳಿದದ್ದು ಹೊರಬಂತು. ಟಿಕೆಟಿನ ಫೋಟೋ ರಾತ್ರಿಯೊಳಗೆ ವಾಟ್ಸಾಪಿನಲ್ಲಿ ಎಲ್ಲ ಕಡೆ ಹೋಗಿತ್ತು. ಕಾಲೇಜಿನ ಎಂ.ಡಿ.ಗೆ ಅವರ ಭಾವನೇ ಅಬುಧಾಬಿಯಿಂದ ನಗುವ ಚಿತ್ರಗಳ ಜೊತೆ ಕಳಿಸಿದ್ದ. ಎಂ.ಡಿ. ಬೆಳಿಗ್ಗೆಯೇ ಫೋನ್ ಮಾಡಿದ್ದರಂತೆ. ಸೋತದ್ದರ ಬಗ್ಗೆ ಒಂದು ಮಾತೂ ಇಲ್ಲ. ಕಾಲೇಜಿನ ಮಾನ ಹೋಯಿತು, ಜನವರಿಯ ಕೊನೆಗೆ ನಿಮ್ಮ ಕಾಂಟ್ರಾಕ್ಟ್ ಮುಗಿಯುತ್ತದೆ, ಎರಡನೇ ಸುತ್ತಿನಲ್ಲಿ ಅಬುಧಾಬಿಯವರ ಮೈದಾನದಲ್ಲಿ ನಡೆಯುವ ಆಟಕ್ಕೆ ನಾನೇ ಬಂದು ನೋಡುತ್ತೇನೆ, ಅಲ್ಲಿಯೂ ಹೀಗೇ ಆದರೆ ಮುಂದುವರಿಸುವುದಿಲ್ಲ ಎಂದಿದ್ದರು.

"ಹೋಗುವುದಕ್ಕೆ ನನಗೆ ಬೇಜಾರಿಲ್ಲ ಬಾಬಣ್ಣ. ಊರಲ್ಲಿ ಹೇಗಾದರೂ ಆಗ್ತದೆ. ಆದ್ರೆ ರೀಮಾ ಟ್ವೆಲ್ತ್. ಮಾರ್ಚ್, ಏಪ್ರಿಲ್ ಪರೀಕ್ಷೆ. ಜನವರಿಗೆ ನನ್ನ ವೀಸಾ ಹೋದ್ರೆ ಫೆಬ್ರವರಿ ಮುಗಿಯುವಾಗ ಅವಳೂ ಹೋಗ್ಬೇಕು. ಪರೀಕ್ಷೆಗೆ ಒಂದು ವಾರ ಇರುವಾಗ. ವರ್ಷ ಹೋಗ್ತದೆ." ಚಹಾದ ಲೋಟ ಕೆಳಗಿಟ್ಟು, "ಯಾರಿಗೂ ಹೇಳ್ಬೇಡಿ. ಕ್ಲಾಸಿನಲ್ಲಿ ಅವಳನ್ನು ಎಲ್ಲರೂ ಪಾಪ ಅನ್ನುವುದು ಬೇಡ," ಅಂದರು.

ಹೊಸ ಅಂಗಡಿಯವರಿಗೆ ನಾನು ಸೇರಿಸಿ ಹೇಳುವ ಮಾತು ಇದೇ: ಮೂಲೆಯಲ್ಲಿ ನಿನ್ನ ಹೆಸರು ಹಾಕುವ ಮೊದಲು ಮೇಲೆ ಏನು ಬರೆದಿದೆ ಎಂದು ಓದು. ಆ ದಿನದಿಂದ ನಾನು ಹೆಸರು ಹಾಕುವುದನ್ನೇ ನಿಲ್ಲಿಸಿದೆ.

ಗೆರೆ ಹಾಕಿದೆ. ಟಿಕೆಟಿನ ಬೆನ್ನಿಗೆ ಒಳ್ಳೆಯ ಹಸಿರು ಮೈದಾನವಾಯಿತು. ಜೊತೆಗೆ ಬುದ್ಧಿಯನ್ನೂ ಹೇಳಿದೆ, ಅದಿಲ್ಲದೆ ನನಗೆ ತಡೆಯದು.

"ಸರ್, ಎಂ.ಡಿ. ಹತ್ರ ರಿನ್ಯೂ ಮಾಡಿ ಅಂತ ಕೇಳ್ಬೇಡಿ. ಮಗಳ ವಿಷಯ ಹೇಳಿ ಅಳುವುದೂ ಬೇಡ. ಅವರಿಗೆ ಖರ್ಚಿಲ್ಲದ್ದನ್ನು ಕೇಳ್ಬೇಕು. ಮಾರ್ಚ್‌ನಲ್ಲಿ ಕಾಲೇಜಿನ ಸ್ಪೋರ್ಟ್ಸ್ ಡೇ ಉಂಟಲ್ವಾ? ಅದನ್ನು ನಡೆಸ್ಲಿಕ್ಕೆ ಬೇರೆ ಯಾರು? ಹೊಸ ಕೋಚ್ ಆಗಸ್ಟ್‌ಗೆ ಮೊದಲು ಬರುವುದಿಲ್ಲ. ಸ್ಪೋರ್ಟ್ಸ್ ಡೇ ಮುಗಿಸಿ ಹೋಗ್ತೇನೆ ಅನ್ನಿ. ಮಾರ್ಚ್ ಕೊನೆವರೆಗೆ ಕೆಲಸ, ಆಮೇಲೆ ಮೂವತ್ತು ದಿನ. ಪರೀಕ್ಷೆ ಮುಗೀತದೆ."

"ಕೇಳ್ಲಿಕ್ಕೆ..."

"ನಾಚಿಕೆ ಆಗ್ತದೆ, ಗೊತ್ತುಂಟು. ಅದಕ್ಕೆ ಅವರು ನಗುವಾಗ ಕೇಳಿ. ಗಿರಾಕಿ ನಕ್ಕ ಕೂಡಲೇ ರೇಟ್ ಹೇಳ್ಬೇಕು. ನಗು ಮುಗಿದ ಮೇಲೆ ಹೇಳಿದ್ರೆ ಉಪಯೋಗ ಇಲ್ಲ."

"ಸೋಲುವಾಗ ಅವರು ಯಾಕೆ ನಗ್ತಾರೆ?" ಅಂದರು.

ಜನವರಿಯಲ್ಲಿ ತಂಡ ಸ್ವಲ್ಪ ನೆಟ್ಟಗಾಯಿತು. ಆ ಫ್ಲೆಕ್ಸ್ ಬೇಲಿಗೆ ಕಟ್ಟಿ ಬಾಟಲಿ ಮುಚ್ಚಳಗಳನ್ನು ಅಂಟಿಸಿ ನಿಲ್ಲುವ ಜಾಗ ಕಲಿಸುತ್ತಿದ್ದರು. ಒಂದು ಪಂದ್ಯ ಸಮ, ಒಂದು ಗೆಲುವು. ಇನ್ನೇನು ಅಬುಧಾಬಿಯ ಆಟಕ್ಕೆ ಮೂರು ದಿನ ಇರುವಾಗ ಶಬ್ಬೀರ್ ಭಾಯ್ ಸ್ವತಃ ಅಂಗಡಿಗೆ ಬಂದರು, ದುಬೈಯಲ್ಲಿ ಬೇರೆ ಕೆಲಸವಿತ್ತು.

"ಬಾಬಣ್ಣ, ಅದೇ ಟಿಕೆಟ್, ಈ ಸಲ ಇಪ್ಪತ್ತು ಅಡಿ! ಬೋರ್ಡಿಂಗ್ ಪಾಸ್ ಸಮೇತ. ಎಷ್ಟು ಹೇಳಿ."

ಎಂ.ಡಿ. ಎದುರು ಆ ಬ್ಯಾನರ್ ಬಿಚ್ಚಿದರೆ ಮುಗಿಯಿತು. ಮಾಡುವುದಿಲ್ಲ ಎಂದರೆ ಯಾಕೆಂದು ಕೇಳುತ್ತಾರೆ. ಹೇಳಬೇಡಿ ಎಂದು ಸರ್ ಮಾತು ತೆಗೆದುಕೊಂಡಿದ್ದರು. ಹೇಳದೆ ಬಿಟ್ಟರೆ ಪಕ್ಕದ ಅಂಗಡಿಯಲ್ಲಿ ಮಾಡಿಸುತ್ತಾರೆ.

"ಎರಡು ಸಾವಿರ ದಿರ್ಹಮ್," ಅಂದೆ.

ಇನ್ನೂರೈವತ್ತಕ್ಕೆ ಆಗುವ ಕೆಲಸ. ಶಬ್ಬೀರ್ ಭಾಯ್ ನಕ್ಕರು. "ಸಾವಿರದ ಒಂಬೈನೂರಕ್ಕೆ ಕೊಡ್ತೀರಾ?" ಎಂದು ತಮಾಷೆ ಮಾಡಿದರು. ನಾನು ನಗಲಿಲ್ಲ.

"ಎರಡು ಸಾವಿರ. ಒಂದು ಪೈಸೆ ಕಮ್ಮಿ ಇಲ್ಲ."

ಅವರು ಕುರ್ಚಿ ಎಳೆದು ಕೂತರು. ಮೂವತ್ತು ವರ್ಷ ವ್ಯಾಪಾರ ಮಾಡಿದವರು. ನಮ್ಮಲ್ಲಿ ಕೊಡಲು ಮನಸ್ಸಿಲ್ಲದ ಮಾಲಿಗೆ ಇಲ್ಲ ಎನ್ನುವುದಿಲ್ಲ, ಯಾರೂ ಕೊಳ್ಳಲಾರದ ರೇಟ್ ಹೇಳುತ್ತೇವೆ. ಅವರಿಗೂ ಅದು ಗೊತ್ತು.

"ಬಾಬಣ್ಣ, ಇದು ರೇಟ್ ಅಲ್ಲ. ಇದು ಬೇಡ ಅಂತ."

ನಾನು ಕತ್ತರಿಯ ಬಾಯಿ ತೆರೆದು ಮುಚ್ಚಿದೆ.

"ಆ ಸರ್‌ಗೆ ಮಕ್ಕಳು ಉಂಟಾ?"

"ಒಬ್ಬಳು."

"ಎಂತ ಓದ್ತಾಳೆ?"

"ಟ್ವೆಲ್ತ್."

ಶಬ್ಬೀರ್ ಭಾಯ್ ಗಡ್ಡ ನೀವಿಕೊಂಡು ಹೊರಗಿನ ರಸ್ತೆ ನೋಡಿದರು. "ನನ್ನ ಮೊದಲ ಕಂಪನಿ ಮುಚ್ಚಿದಾಗ ದೊಡ್ಡ ಮಗ ಎಂಟನೇ ಕ್ಲಾಸ್," ಅಂದರು. "ವರ್ಷದ ನಡುವೆ ಭಟ್ಕಳಕ್ಕೆ ಕಳಿಸಿದೆ. ಅವನ ಸೈನ್ಸ್ ಪ್ರಾಜೆಕ್ಟ್ ಇಲ್ಲೇ ಸ್ಕೂಲಿನಲ್ಲಿ ಉಳಿಯಿತು. ಈಗಲೂ ಕೇಳ್ತಾನೆ." ಎದ್ದು ನಿಂತರು. "ಖಲಾಸ್. ಟಿಕೆಟ್ ಬೇಡ. ಆದ್ರೆ ಬಿಡುವುದಿಲ್ಲ ಕೇಳಿ! ತಮಾಷೆ ಮಾಡದೆ ಇದ್ರೆ ಆಟ ನೋಡಿದ ಹಾಗೇ ಆಗುವುದಿಲ್ಲ."

ಅಬುಧಾಬಿಗೆ ನಾನು ನನ್ನ ವ್ಯಾನಿನಲ್ಲಿ ಲ್ಯಾನ್ಸಿ ಸರ್, ಐರಿನ್ ಬಾಯಿ, ರೀಮಾ ಮೂವರನ್ನೂ ಕರೆದುಕೊಂಡು ಹೋದೆ. ಹುಡುಗಿ ಹಿಂದಿನ ಸೀಟಿನಲ್ಲಿ ಅಕೌಂಟೆನ್ಸಿ ಪುಸ್ತಕ ತೆರೆದು ಕೂತಿದ್ದಳು. "ಹೇಗೆ ನಡೀತಾ ಉಂಟು ಓದು?" ಎಂದರೆ, "ಫೈನ್, ಅಂಕಲ್," ಅಷ್ಟೇ. ಆ ಅಂಕಲ್ ಎನ್ನುವುದರಲ್ಲಿ ಬ್ಯಾನರ್ ಇನ್ನೂ ಇತ್ತು. ಬಾನಿನಲ್ಲಿ ಮೋಡ ಕಟ್ಟಿತ್ತು. ಇಲ್ಲಿ ಮೋಡ ಕಂಡರೆ ಜನ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

ಮೈದಾನದ ಅಂಚಿನಲ್ಲಿ ಎಂ.ಡಿ. ಕೂರಲು ಕುರ್ಚಿ ಹಾಕಿದ್ದರು, ಮೇಲೆ ಶಾಮಿಯಾನ ಇಲ್ಲ. ಆಟ ಶುರುವಾಗಿ ಐದು ನಿಮಿಷಕ್ಕೆ ನಮ್ಮ ಹುಡುಗ ಚೆಂಡು ಕಳೆದುಕೊಂಡ. ಎದುರು ಗ್ಯಾಲರಿಯಲ್ಲಿ ಒಮ್ಮೆಲೇ ಮೂವತ್ತು ಕಪ್ಪು ಕೊಡೆ ಬಿಚ್ಚಿಕೊಂಡವು. ಶಬ್ಬೀರ್ ಭಾಯ್ ಎಲ್ಲರಿಗೂ ಒಂದೊಂದು ತಂದಿದ್ದರು. ಚೆಂಡು ಹೋದಾಗೆಲ್ಲ ಕೊಡೆ ಬಿಚ್ಚುವುದು, "ಪಾಸ್ ಮಗಾ, ಪಾಸ್," ಎಂದು ಒಂದೇ ಸ್ವರದಲ್ಲಿ ಹೇಳುವುದು, ಮುಚ್ಚುವುದು. ಲ್ಯಾನ್ಸಿ ಸರ್ ತಿರುಗಿ ನೋಡಿದರು. ಟಿಕೆಟ್ ಹುಡುಕಿದರೆಂದು ಕಾಣುತ್ತದೆ. ಇರಲಿಲ್ಲ. ತಮ್ಮ ಕೊಡೆಯನ್ನು ಒಮ್ಮೆ ಮುಚ್ಚಿ ಬಿಚ್ಚಿ ಅವರಿಗೆ ಸಲಾಂ ಹೊಡೆದರು. ಆ ಕಡೆಯವರೂ ಚಪ್ಪಾಳೆ ತಟ್ಟಿದರು.

ವಿರಾಮದ ನಂತರ ಮಳೆ ಬಂತು. ಅಲ್ಪಸ್ವಲ್ಪವಲ್ಲ, ನಮ್ಮ ಕಾಪುವಿನ ಜೂನ್ ತಿಂಗಳ ಹಾಗೆ. ಲ್ಯಾನ್ಸಿ ಸರ್ ಬಿಟ್ಟರೆ ಕೊಡೆ ಇದ್ದದ್ದು ತಮಾಷೆ ಮಾಡಲು ಬಂದವರ ಹತ್ತಿರ ಮಾತ್ರ. ಎಂ.ಡಿ. ಸೂಟು ಹಾಕಿಕೊಂಡು ತೋಯುತ್ತ ನಿಂತಿದ್ದರು. ಶಬ್ಬೀರ್ ಭಾಯ್ ಕೊಡೆ ಹಿಡಿದು ಓಡಿ ಬಂದರು, ಹಿಂದೆ ಅವರ ಪಡೆ. ಐರಿನ್ ಬಾಯಿಗೊಂದು, ರೀಮಾಳ ಪುಸ್ತಕಕ್ಕೊಂದು. ನಮ್ಮ ಮೆರೂನ್ ಕಡೆಯವರೂ ಅಬುಧಾಬಿಯ ನೀಲಿ ಕಡೆಯವರೂ ಇಬ್ಬಿಬ್ಬರು ಒಂದು ಕೊಡೆಯ ಕೆಳಗೆ ಸೇರಿ ಮಳೆಗೆ ಕಿರುಚುತ್ತಿದ್ದರು. ಎಂ.ಡಿ. ನಗುತ್ತಿದ್ದರು. ಯಾರೋ ಫೋಟೋ ತೆಗೆದರು. ಆಟ ನಿಂತದ್ದು ಮತ್ತೆ ಶುರುವಾಗಿ ನಾವು ಒಂದು ಗೋಲಿನಿಂದ ಸೋತೆವು. ಅದು ಇವತ್ತು ಯಾರಿಗೂ ನೆನಪಿಲ್ಲ. ರಾತ್ರಿಯೊಳಗೆ ಎಲ್ಲ ಫೋನಿನಲ್ಲೂ ಹೋದದ್ದು ಎಂ.ಡಿ. ಮತ್ತು ಶಬ್ಬೀರ್ ಭಾಯ್ ಒಂದೇ ಕೊಡೆಯಡಿ ನಿಂತು ನಗುವ ಫೋಟೋ.

ಮಳೆಗೆ ಆಟ ನಿಂತಿದ್ದಾಗಲೇ ನಾನು ಲ್ಯಾನ್ಸಿ ಸರ್ ಬೆನ್ನಿಗೆ ಕೈ ಹಾಕಿ ತಳ್ಳಿದ್ದೆ. "ಈಗ! ನಗ್ತಾ ಇದ್ದಾರೆ!"

ಅವರು ಹೋದರು. ನಾನು ದೂರದಿಂದ ನೋಡಿದೆ. ಎರಡು ನಿಮಿಷ ಮಾತಾಡಿದರು, ಎಂ.ಡಿ. ತಲೆಯಾಡಿಸಿದರು, ಸರ್ ತಿರುಗಿ ಬಂದರು.

"ಸ್ಪೋರ್ಟ್ಸ್ ಡೇ ಮುಗಿಸಿ ಹೋಗಿ ಅಂದರು. ಮಾರ್ಚ್ ಕೊನೆ."

"ಅಷ್ಟು ಬೇಗ ಒಪ್ಪಿದ್ರಾ? ಹಾಗಾದ್ರೆ ಜೂನ್ ಕೇಳ್ಬೇಕಿತ್ತು ಮಾರಾಯ್ರೇ!"

"ಬೇಕಾದದ್ದು ಮಾರ್ಚ್ ಅಲ್ವಾ?" ಅಂದರು.

ರೀಮಾ ಎಲ್ಲ ಪೇಪರ್ ಬರೆದಳು. ಕೊನೆಯದು ಮುಗಿದ ವಾರ, ಏಪ್ರಿಲ್ ನಡುವಿನಲ್ಲಿ, ಸೆಕೆ ಆಗಲೇ ಏರಿತ್ತು, ಲ್ಯಾನ್ಸಿ ಸರ್ ಅಂಗಡಿಗೆ ಬಂದರು. ಟಿಕೆಟ್ ಆಗಿತ್ತು, ಮೂವರಿಗೂ ಒನ್ ವೇ. ಊರಿನ ಚರ್ಚ್ ಮೈದಾನದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕ್ಯಾಂಪ್ ಮಾಡುತ್ತಾರಂತೆ. ಅದಕ್ಕೊಂದು ಬ್ಯಾನರ್ ಬೇಕು.

"ಸರ್, ಇಲ್ಲಿಂದ ಹೊತ್ತುಕೊಂಡು ಹೋಗುವುದು ಯಾಕೆ? ಮಂಗಳೂರಲ್ಲಿ ಕಾಲು ರೇಟಿಗೆ ಆಗ್ತದೆ."

"ನಿಮ್ಮದು ಮೂರು ತಿಂಗಳು ಬಿಸಿಲಲ್ಲಿ ಬೇಲಿಗೆ ಕಟ್ಟಿದ್ದೆ. ಬಣ್ಣ ಹೋಗ್ಲಿಲ್ಲ," ಅಂದರು. "ನನ್ನ ಹೆಸರು ಇನ್ನೂ ಹಾಗೇ ಉಂಟು."

ನಾನು ತಲೆ ತಗ್ಗಿಸಿ ಡಿಸೈನ್ ಮಾಡಿದೆ. ದುಡ್ಡು ಬೇಡ ಎಂದೆ.

"ಬೇಡ ಅನ್ನುವುದು ಬೇಡ. ರೇಟ್ ಹೇಳಿ."

ಹೇಳಿದೆ.

"ಅರ್ಧಕ್ಕೆ ಕೊಡಿ."

ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ. ಅಭ್ಯಾಸಬಲ, ಅರ್ಧಕ್ಕೆ ಆಗುವುದಿಲ್ಲ ಎಂದೆ. ಅವರು ಎದ್ದರು, ಕೊಡೆ ತೆಗೆದುಕೊಂಡರು, ಬಾಗಿಲಿಗೆ ಹೋದರು, ಒಂದು ಕಾಲು ಹೊರಗಿಟ್ಟರು. ಬಾಗಿಲಲ್ಲಿ ತಿರುಗಿ ನೋಡುವ ಗಿರಾಕಿಯನ್ನು ಕರೆಯಬೇಕಾಗಿಲ್ಲ, ಅವನೇ ಬರುತ್ತಾನೆ. ಲ್ಯಾನ್ಸಿ ಸರ್ ತಿರುಗಿ ನೋಡಲಿಲ್ಲ.

"ಬನ್ನಿ ಸರ್, ಬನ್ನಿ! ಅರ್ಧಕ್ಕೇ ಆಯ್ತು!"

ಬಂದು ಕೂತರು, ನಗಲಿಲ್ಲ. ಕಂಪ್ಯೂಟರಿನಲ್ಲಿ ಬ್ಯಾನರನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು, ಅಂದು ಮೈದಾನದಲ್ಲಿ ಓದಿದ ಹಾಗೆ. ಕೊನೆಗೆ ಬಲ ಕೆಳಮೂಲೆಗೆ ಬೆರಳಿಟ್ಟರು.

"ಇಲ್ಲಿ ಎಂತದೋ ಬಿಟ್ಟುಹೋಗಿದೆ."

"ಅದು ಈಗ ಹಾಕುವುದಿಲ್ಲ ಸರ್."

"ಹಾಕಿ. ಅಂಗಡಿ ಹೆಸರು, ನಂಬರ್, ಎರಡೂ."

ಹಾಕಿದೆ, ಕಂಡರೂ ಕಾಣದಷ್ಟು ಚಿಕ್ಕದಾಗಿ. ಅವರು ಕನ್ನಡಕ ಏರಿಸಿಕೊಂಡು ಪರದೆಗೆ ಬಾಗಿದರು.

"ಕಾಣುವುದಿಲ್ಲ ಬಾಬಣ್ಣ. ಮೊದಲು ಹಾಕ್ತಾ ಇದ್ರಲ್ಲ, ಅಷ್ಟೇ ದೊಡ್ಡದು ಮಾಡಿ."